ಮೆಷಿನ್ ಬಾಗಿಲಿಗೆ ನಾನ್‌ಕಾಂಟ್ಯಾಕ್ಟ್ ಸೇಫ್ಟಿ ಸ್ವಿಚ್: ಆರಿಸುವುದು, ಕೂರಿಸುವುದು, ಟೆಸ್ಟ್ ಮಾಡುವುದು

ಹಳೇ ಸ್ಪೀಕರ್‌ನಿಂದ ಕಿತ್ತ ಒಂದು ಅಯಸ್ಕಾಂತ. ಸುತ್ತ ಕಪ್ಪು ಇನ್ಸುಲೇಷನ್ ಟೇಪು, ಟೇಪಿನ ಮೇಲೆ ಎಣ್ಣೆ, ಎಣ್ಣೆಗೆ ಅಂಟಿಕೊಂಡು ಮುಳ್ಳಿನ ಹಾಗೆ ಎದ್ದು ನಿಂತ ಕಬ್ಬಿಣದ ಪುಡಿ. ಹೊಸೂರಿನ ಒಂದು ಸಣ್ಣ ಯೂನಿಟ್‌ನಲ್ಲಿ ಡ್ರಿಲ್ಲಿಂಗ್ ಮೆಷಿನ್‌ನ ಬಾಗಿಲಿನ ಸ್ವಿಚ್ ಹಿಂದೆ ನನಗೆ ಸಿಕ್ಕಿದ್ದು ಇದು. ಸಿಕ್ಕಾಗ ತಡವಾಗಿತ್ತು. ಹಿಂದಿನ ರಾತ್ರಿ ಪಾಳಿಯಲ್ಲಿ ಹತ್ತಿರದ ತಳಿ ಊರಿನ ಕಡೆಯ ಹುಡುಗನೊಬ್ಬನ ತೋರುಬೆರಳಿನ ತುದಿ ಹೋಗಿತ್ತು. ಬಾಗಿಲು ತೆರೆದೇ ಇತ್ತು, ಡ್ರಿಲ್ ಬಿಟ್ ಹಿಡಿದ ಸ್ಪಿಂಡಲ್ ತಿರುಗುತ್ತಲೇ ಇತ್ತು. ಬಾಗಿಲು ಮುಚ್ಚಿದೆ ಅಂತ ಸ್ವಿಚ್ ನಂಬಿಕೊಂಡಿತ್ತು.

ಬಾಗಿಲನ್ನು ಮುಟ್ಟದೆಯೇ ಅದು ತೆರೆದಿದೆಯಾ ಮುಚ್ಚಿದೆಯಾ ಅಂತ ತಿಳಿದು, ತೆರೆದರೆ ಮೆಷಿನ್ ನಿಲ್ಲಿಸಬೇಕಾದ ಆ ನಾನ್‌ಕಾಂಟ್ಯಾಕ್ಟ್ ಸ್ವಿಚ್ಚನ್ನು ಕೂರಿಸಿದ್ದು ನಾನೇ. ವೈರಿಂಗ್ ಸರಿಯಾಗಿತ್ತು, ಸ್ವಿಚ್ ಹೇಳಿದ್ದನ್ನು ಕೇಳಿ ಮೆಷಿನ್ ನಿಲ್ಲಿಸುವ ರಿಲೇ ಸರಿಯಾಗಿತ್ತು. ಆದರೆ ಯಾವ ಅಯಸ್ಕಾಂತ ತಂದು ಹಿಡಿದರೂ ಆನ್ ಆಗುವ ಸ್ವಿಚ್ ಅದು. ಮೇಲಾಗಿ ಆ ಬಾಗಿಲನ್ನು ಹುಡುಗರು ಗಂಟೆಗೆ ಎಷ್ಟು ಸಲ ತೆಗೆಯುತ್ತಾರೆ ಅಂತ ನಾನು ಯಾರನ್ನೂ ಕೇಳಿರಲಿಲ್ಲ. ಅಂದಿನಿಂದ ಯಾವ ಮೆಷಿನ್‌ಗೆ ಡೋರ್ ಸ್ವಿಚ್ ಹಾಕಬೇಕಾದರೂ ಕೆಳಗೆ ಬರೆದಿರುವ ಕ್ರಮದಲ್ಲೇ ಹೋಗುತ್ತೇನೆ. ಸಿಪ್ಕಾಟ್, ಸಿಡ್ಕೋ ಕೈಗಾರಿಕಾ ಎಸ್ಟೇಟ್‌ಗಳ ಸಣ್ಣ ಶೆಡ್‌ಗಳಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುವವರಿಗೆ, ಹಳೇ ಮೆಷಿನ್ ಕೊಂಡು ಗಾರ್ಡ್ ಮಾಡಿಸುತ್ತಿರುವ ಮಾಲೀಕರಿಗೆ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಪವರ್ ಪ್ರೆಸ್, ರೋಬಾಟ್ ಸೆಲ್ ಇಂಥವನ್ನು ಇದೊಂದೇ ಓದಿಕೊಂಡು ಕೈಗೆತ್ತಿಕೊಳ್ಳಬೇಡಿ. ಅವಕ್ಕೆ ಬೇರೆಯದೇ ಲೆಕ್ಕಗಳಿವೆ, ಮೆಷಿನ್ ಮಾಡಿದವರನ್ನೇ ಕರೆಸಿ.

ಮೊದಲು ಒಂದು ಪಾಳಿ ಬಾಗಿಲ ಪಕ್ಕ ನಿಲ್ಲಿ

ಕ್ಯಾಟಲಾಗ್ ಆಮೇಲೆ ತೆಗೆಯಿರಿ. ಮೊದಲು ಒಂದು ನೋಟ್‌ಬುಕ್ ಹಿಡಿದು ಮೆಷಿನ್ ಹತ್ತಿರ ನಿಲ್ಲಿ. ಬಾಗಿಲು ಯಾವಾಗ ತೆಗೆದರು, ಯಾಕೆ ತೆಗೆದರು, ಮತ್ತೆ ಮೆಷಿನ್ ಶುರು ಆಗಲು ಎಷ್ಟು ಹೊತ್ತು ಹಿಡಿಯಿತು, ಇಷ್ಟನ್ನು ಬರೆದುಕೊಳ್ಳಿ. ಸೂಪರ್‌ವೈಸರ್ ಹೇಳುವುದಕ್ಕೂ ನೀವು ನೋಡುವುದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ.

ನಮ್ಮ ಡ್ರಿಲ್ಲಿಂಗ್ ಮೆಷಿನ್ ವಿಷಯದಲ್ಲಿ ಈ ಕೆಲಸವನ್ನು ಅಪಘಾತ ಆದ ಮೇಲೆ ಮಾಡಿದೆ. ಎಂಟು ಹತ್ತು ಪೀಸ್‌ಗೆ ಒಂದು ಸಲ ಡ್ರಿಲ್ ಬಿಟ್‌ಗೆ ಉದ್ದನೆಯ ಚಿಪ್ಸ್ ಸುತ್ತಿಕೊಳ್ಳುತ್ತಿತ್ತು. ಅದನ್ನು ತೆಗೆಯಲು ಬಾಗಿಲು ತೆಗೆಯಬೇಕು. ತೆಗೆದರೆ ಮೆಷಿನ್ ಪೂರ್ತಿ ನಿಲ್ಲುತ್ತದೆ, ಮತ್ತೆ ಹೋಮಿಂಗ್ ಮಾಡಬೇಕು, ಅಂದರೆ ಮೆಷಿನ್ ತನ್ನ ಶುರುವಿನ ಜಾಗಕ್ಕೆ ಹೋಗಿ ಬರಬೇಕು, ಹೋಮಿಂಗ್‌ಗೆ 40 ಸೆಕೆಂಡ್. "ಅಣ್ಣಾ, ಹಿಂಗಾದ್ರೆ ಶಿಫ್ಟ್ ಟಾರ್ಗೆಟ್ ಎಲ್ಲಿ ಮುಟ್ಟೋದು? ನೀವೇ ಹೇಳಿ" ಅಂದ ಇನ್ನೊಬ್ಬ ಆಪರೇಟರ್. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ.

ಹಾಗಾಗಿ ಸ್ವಿಚ್ ಬದಲಿಸುವ ಮೊದಲು ಮೂರು ಕೆಲಸ ಮಾಡಿದೆವು. ಪ್ರೋಗ್ರಾಂನಲ್ಲಿ ಪೆಕ್ ಡ್ರಿಲ್ಲಿಂಗ್, ಅಂದರೆ ಸ್ವಲ್ಪ ಸ್ವಲ್ಪ ಕೊರೆದು ಬಿಟ್ ಹಿಂದೆ ಬರುವ ಕ್ರಮ, ಹಾಕಿಸಿದ್ದರಿಂದ ಚಿಪ್ಸ್ ತುಂಡು ತುಂಡಾಗಿ ಬೀಳತೊಡಗಿತು. ಕೂಲೆಂಟ್ ನಳಿಕೆಯನ್ನು ಬಿಟ್ ತುದಿಗೆ ನೇರ ಮಾಡಿದೆವು. ಬಾಗಿಲು ತೆಗೆದು ಮುಚ್ಚಿ ಮತ್ತೆ ಸ್ಟಾರ್ಟ್ ಒತ್ತಿದಾಗ ಹೋಮಿಂಗ್ ಇಲ್ಲದೆ, ನಿಂತ ಕಡೆಯಿಂದಲೇ ಮುಂದುವರಿಯುವ ಹಾಗೆ ಮೆಷಿನ್ ನಡೆಸುವ ಕಂಟ್ರೋಲರ್‌ನ, ಅಂದರೆ ಪಿಎಲ್‌ಸಿಯ ಪ್ರೋಗ್ರಾಂ ಸರಿ ಮಾಡಿಸಿದೆವು. ಬಾಗಿಲು ತೆಗೆಯುವುದು ಪಾಳಿಗೆ ನಾಲ್ಕೈದು ಸಲಕ್ಕೆ ಇಳಿಯಿತು. ಬೈಪಾಸ್ ಮಾಡುವ ಆಸೆಯೇ ಹೋದ ಮೇಲೆ ಅರ್ಧ ಕೆಲಸ ಮುಗಿದ ಹಾಗೆ. ಇಂಥ ಬಾಗಿಲ ಸ್ವಿಚ್‌ಗಳಿಗೆ, ಅಂದರೆ ಇಂಟರ್‌ಲಾಕ್‌ಗಳಿಗೆಂದೇ ಇರುವ ಐಎಸ್‌ಒ 14119 ಸ್ಟ್ಯಾಂಡರ್ಡ್ ಕೂಡ ಇದನ್ನೇ ಹೇಳುತ್ತದೆ: ಜನರಿಗೆ ಸ್ವಿಚ್ಚನ್ನು ಮೋಸ ಮಾಡಬೇಕು ಅನ್ನಿಸಲು ಏನು ಕಾರಣ ಅಂತ ಮೊದಲು ಹುಡುಕಿ, ಆ ಕಾರಣವನ್ನು ತೆಗೆಯಿರಿ.

ಬಾಗಿಲು ತೆಗೆದ ಮೇಲೆ ಎಷ್ಟು ಹೊತ್ತಿಗೆ ನಿಲ್ಲುತ್ತದೆ?

ಇದನ್ನು ಅಳೆಯದೆ ಸ್ವಿಚ್ ಕೊಳ್ಳಬೇಡಿ. ಬಾಗಿಲು ತೆಗೆದ ಕ್ಷಣಕ್ಕೆ ಕರೆಂಟ್ ಕಟ್ ಆಗಬಹುದು, ಆದರೆ ಸ್ಪಿಂಡಲ್, ಫ್ಲೈವೀಲ್, ಬ್ಲೇಡ್ ಇವೆಲ್ಲ ಅದೇ ಕ್ಷಣಕ್ಕೆ ನಿಲ್ಲುವುದಿಲ್ಲ.

ಅಂದಾಜಿಗೆ ಮೊಬೈಲ್ ಸಾಕು. ಈಗಿನ ಬಹಳಷ್ಟು ಫೋನ್‌ಗಳಲ್ಲಿ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ಇದೆ. ಬಾಗಿಲೂ ಸ್ಪಿಂಡಲೂ ಒಟ್ಟಿಗೆ ಕಾಣುವ ಹಾಗೆ ಸ್ಟ್ಯಾಂಡ್ ಮೇಲೆ ಇಟ್ಟು ವಿಡಿಯೋ ತೆಗೆಯಿರಿ. ಬಾಗಿಲು ಅಲುಗಿದ ಫ್ರೇಮ್‌ನಿಂದ ಸ್ಪಿಂಡಲ್ ಪೂರ್ತಿ ನಿಂತ ಫ್ರೇಮ್‌ವರೆಗೆ ಎಣಿಸಿ 240ರಿಂದ ಭಾಗಿಸಿ. ಮೆಷಿನ್ ಬಿಸಿ ಇರುವಾಗ, ಅತಿ ಭಾರದ ಟೂಲ್ ಹಾಕಿ, ಅತಿ ಹೆಚ್ಚು ಸ್ಪೀಡ್‌ನಲ್ಲಿ ಹತ್ತು ಸಲ ಅಳೆಯಿರಿ. ಎಲ್ಲಕ್ಕಿಂತ ಜಾಸ್ತಿ ಬಂದದ್ದನ್ನೇ ಹಿಡಿಯಿರಿ, ಸರಾಸರಿ ಬೇಡ. ಇನ್ನೂ ಸ್ವಿಚ್ಚೇ ಇಲ್ಲದ ಮೆಷಿನ್ ಆದರೆ ಸ್ಟಾಪ್ ಬಟನ್ ಒತ್ತಿ ಅಳೆದು, ಅದಕ್ಕೆ ಸ್ವಿಚ್, ರಿಲೇ, ಮೋಟರ್‌ನ ಕರೆಂಟ್ ಕಡಿಯುವ ಕಾಂಟ್ಯಾಕ್ಟರ್ ಇವುಗಳ ಸಮಯವನ್ನು ತಯಾರಕರ ಡೇಟಾಶೀಟ್ ನೋಡಿ ಸೇರಿಸಿಕೊಳ್ಳಿ. ಈ ಸಮಯಗಳು ಚಿಕ್ಕವು ಅಂತ ಬಿಡಬೇಡಿ, ಚಿಪ್‌ನ ನಂಬರ್ ಓದಿ ಕೆಲಸ ಮಾಡುವ ಆರ್‌ಎಫ್‌ಐಡಿ ಸ್ವಿಚ್ ಒಂದೇ 100 ಮಿಲಿಸೆಕೆಂಡ್ ಹತ್ತಿರ ತೆಗೆದುಕೊಳ್ಳುವುದುಂಟು.

ಈಗ ಲೆಕ್ಕ. ಐಎಸ್‌ಒ 13855 ಪ್ರಕಾರ ಮನುಷ್ಯ ಸೆಕೆಂಡಿಗೆ 1600 ಮಿಲಿಮೀಟರ್ ವೇಗದಲ್ಲಿ ಅಪಾಯದ ಕಡೆಗೆ ಬರುತ್ತಾನೆ ಅಂತ ಹಿಡಿಯಬೇಕು. ನಮ್ಮ ಮೆಷಿನ್ ನಿಲ್ಲಲು 1.3 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. 1600ನ್ನು 1.3ರಿಂದ ಗುಣಿಸಿದರೆ 2080. ಅಂದರೆ ಬಾಗಿಲು ಸ್ಪಿಂಡಲ್‌ನಿಂದ ಎರಡು ಮೀಟರ್‌ಗಿಂತ ದೂರ ಇರಬೇಕಿತ್ತು. ಇದ್ದದ್ದು 300 ಮಿಲಿಮೀಟರ್. ಆ 300ನ್ನು ಕೈ ದಾಟಲು 0.2 ಸೆಕೆಂಡ್ ಕೂಡ ಬೇಡ. ಅಯಸ್ಕಾಂತ ಇಲ್ಲದಿದ್ದರೂ ಆ ಸ್ವಿಚ್ ಒಂದರಿಂದಲೇ ಬೆರಳು ಉಳಿಯುವ ಖಾತ್ರಿ ಇರಲಿಲ್ಲ. ಈ ಲೆಕ್ಕ ಬರೆದ ಹಾಳೆಯನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದೆ.

ಲೆಕ್ಕ ಹೀಗೆ ಬಂದರೆ ನಿಮಗೆ ದಾರಿ ಎರಡು. ಡ್ರೈವ್‌ಗೆ ಬ್ರೇಕಿಂಗ್ ಕೊಟ್ಟು ನಿಲ್ಲುವ ಸಮಯವನ್ನು ಇಳಿಸುವುದು ಒಂದು. ಗಾರ್ಡ್ ಲಾಕಿಂಗ್ ಇರುವ ಸ್ವಿಚ್ ಹಾಕುವುದು ಇನ್ನೊಂದು. ಅಂದರೆ ಸ್ಪಿಂಡಲ್ ನಿಲ್ಲುವವರೆಗೆ ಬಾಗಿಲು ಬೀಗ ಹಾಕಿಕೊಂಡೇ ಇರುತ್ತದೆ. ಬೀಗದಲ್ಲೂ ಎರಡು ಬಗೆ. ಕರೆಂಟ್ ಕೊಟ್ಟಾಗ ಬೀಗ ತೆರೆಯುವಂಥದ್ದು, ಕರೆಂಟ್ ಕೊಟ್ಟಾಗ ಬೀಗ ಬೀಳುವಂಥದ್ದು. ನಿಲ್ಲಲು ಹೊತ್ತು ಹಿಡಿಯುವ ಮೆಷಿನ್‌ಗೆ ಮೊದಲನೆಯದೇ ಬೇಕು. ಕರೆಂಟ್ ಹೋದರೂ ಸ್ಪ್ರಿಂಗ್ ಬೀಗವನ್ನು ಹಿಡಿದಿರುತ್ತದೆ, ಸ್ಪಿಂಡಲ್ ಸುಮ್ನೆ ತಿರುಗುತ್ತಾ ನಿಲ್ಲುತ್ತದೆ. ಆದರೆ ಒಳಗೆ ಆಳು ಹೋಗಿ ನಿಲ್ಲುವಷ್ಟು ದೊಡ್ಡ ಜಾಗ ಆದರೆ, ಒಳಗಿನಿಂದ ಬಾಗಿಲು ತೆಗೆಯುವ ಹಿಡಿಕೆ ಇರಲೇಬೇಕು.

ನಿಲ್ಲುವ ಸಮಯ ಕಡಿಮೆ ಇದ್ದು ಬಾಗಿಲು ಸಾಕಷ್ಟು ದೂರ ಇದ್ದರೆ ಬೀಗ ಇಲ್ಲದ ನಾನ್‌ಕಾಂಟ್ಯಾಕ್ಟ್ ಸ್ವಿಚ್ ಸಾಕು. ಪ್ಯಾಕಿಂಗ್ ಮೆಷಿನ್, ಕನ್ವೇಯರ್ ಕವರ್, ಸಣ್ಣ ಅಸೆಂಬ್ಲಿ ಫಿಕ್ಸ್ಚರ್‌ಗಳಿಗೆ ಬಹಳ ಕಡೆ ಇದೇ ನಡೆಯುತ್ತದೆ. ಅಲ್ಲೂ ಅಳೆಯದೆ ಮುಂದೆ ಹೋಗಬೇಡಿ.

ಯಾವ ಸ್ವಿಚ್?

ಶೆಡ್‌ನಲ್ಲಿ ಎಲ್ಲವನ್ನೂ "ಡೋರ್ ಸ್ವಿಚ್" ಅಂತಲೇ ಕರೆಯುತ್ತೇವೆ. ಐಎಸ್‌ಒ 14119 ಅವನ್ನು ಟೈಪ್‌ಗಳಾಗಿ ವಿಂಗಡಿಸಿದೆ, ಇಲ್ಲಿ ನಮಗೆ ಬೇಕಾದವು ನಾಲ್ಕು. ಟೈಪ್ 1 ಅಂದರೆ ರೋಲರ್, ಹಿಂಜ್ ಇರುವ ಮಾಮೂಲಿ ಲಿಮಿಟ್ ಸ್ವಿಚ್. ಟೈಪ್ 2 ಅಂದರೆ ನಾಲಿಗೆಯಂಥ ಕೀ ಒಳಗೆ ಹೋಗುವಂಥದ್ದು. ಟೈಪ್ 3, ಟೈಪ್ 4 ಎರಡೂ ಮುಟ್ಟದೆ ಕೆಲಸ ಮಾಡುವಂಥವು. ಟೈಪ್ 3ಕ್ಕೆ ಕೋಡ್ ಇಲ್ಲ, ಟೈಪ್ 4ಕ್ಕೆ ಕೋಡ್ ಇದೆ. ನಾನು ಮೊದಲು ಹಾಕಿದ್ದು ಟೈಪ್ 3. ಒಳಗೆ ಒಂದು ರೀಡ್ ಸ್ವಿಚ್, ಅಂದರೆ ಗಾಜಿನ ಕೊಳವೆಯಲ್ಲಿ ತೆಳುವಾದ ಎರಡು ಲೋಹದ ಎಳೆ. ಎದುರಿಗೆ ಅಯಸ್ಕಾಂತ ಬಂದರೆ ಎಳೆಗಳು ಒಂದಕ್ಕೊಂದು ಅಂಟುತ್ತವೆ. ಯಾವ ಅಯಸ್ಕಾಂತ ಅಂತ ಅದು ಕೇಳುವುದಿಲ್ಲ.

ಹಾಗಾದರೆ ಮುಟ್ಟದ ಸ್ವಿಚ್ ಯಾಕೆ ಬೇಕು, ನಾಲಿಗೆ ಸ್ವಿಚ್ಚೇ ಹಾಕಬಹುದಲ್ವಾ? ಹಾಕಬಹುದು. ಆದರೆ ನಮ್ಮ ಕಡೆಯ ಶೆಡ್‌ಗಳಲ್ಲಿ ಬಾಗಿಲು ಜೋತುಬೀಳುತ್ತದೆ, ಕೀಲು ಸವೆಯುತ್ತದೆ. ಎರಡು ಮಿಲಿಮೀಟರ್ ಆಚೀಚೆ ಆದರೂ ನಾಲಿಗೆ ತೂತಿನ ಅಂಚಿಗೆ ಬಡಿದು ಮುರಿಯುತ್ತದೆ. ಕೂಲೆಂಟು, ಧೂಳು ತೂತಿನೊಳಗೆ ಸೇರುತ್ತದೆ. ಮುಟ್ಟದ ಸ್ವಿಚ್‌ಗೆ ತೂತೇ ಇಲ್ಲ, ಪೂರ್ತಿ ಮುಚ್ಚಿದ ಡಬ್ಬಿ. ಧೂಳು, ನೀರು ತಡೆಯುವ ರೇಟಿಂಗ್ ಐಪಿ67 ಇದ್ದರೆ ನೀರು ಬಿದ್ದರೂ ಚಿಂತೆ ಇಲ್ಲ. ಪ್ರೆಶರ್ ಜೆಟ್‌ನಲ್ಲಿ ತೊಳೆಯುವ ಆಹಾರದ ಮೆಷಿನ್ ಆದರೆ ಐಪಿ69ಕೆ ಕೇಳಿ. ಬಾಗಿಲು ಒಂದಿಷ್ಟು ವಾಲಿದರೂ ತಡೆದುಕೊಳ್ಳುತ್ತದೆ.

ಈಗ ಟೈಪ್ 4ರ ಒಳಗೆ ಬನ್ನಿ. ಇದರಲ್ಲೂ ಎರಡು ಬಗೆ ಸಿಗುತ್ತದೆ. ಒಂದು ಕೋಡೆಡ್ ಮ್ಯಾಗ್ನೆಟಿಕ್. ಒಳಗೆ ಹಲವು ರೀಡ್ ಇರುತ್ತವೆ, ಎದುರಿನ ತುಂಡಿನಲ್ಲಿ ಉತ್ತರ ದಕ್ಷಿಣ ಅದಲು ಬದಲಾಗಿ ಜೋಡಿಸಿದ ಹಲವು ಅಯಸ್ಕಾಂತ. ಸ್ಪೀಕರ್ ಅಯಸ್ಕಾಂತಕ್ಕೆ ಇದು ಬಗ್ಗುವುದಿಲ್ಲ. ಆದರೆ ಅದೇ ಮಾಡೆಲ್‌ನ ಇನ್ನೊಂದು ಆಕ್ಚುವೇಟರ್, ಅಂದರೆ ಬಾಗಿಲಿನ ಮೇಲೆ ಕೂರುವ ಆ ಎದುರಿನ ತುಂಡು, ತಂದರೆ ಬಗ್ಗುತ್ತದೆ. ಇನ್ನೊಂದು ಆರ್‌ಎಫ್‌ಐಡಿ. ಬಾಗಿಲಿನ ಮೇಲಿನ ತುಂಡಿನಲ್ಲಿ ಒಂದು ಚಿಪ್, ಅದಕ್ಕೊಂದು ನಂಬರ್. ಸ್ವಿಚ್ ಆ ನಂಬರನ್ನು ಓದಿದ ಮೇಲೇ ಒಪ್ಪುತ್ತದೆ. ಸ್ಟ್ಯಾಂಡರ್ಡ್ ಭಾಷೆಯಲ್ಲಿ 1ರಿಂದ 9 ಬಗೆಯ ಕೋಡ್ ಇದ್ದರೆ ಲೋ, 10ರಿಂದ 1000 ಇದ್ದರೆ ಮೀಡಿಯಂ, 1000ಕ್ಕಿಂತ ಜಾಸ್ತಿ ಇದ್ದರೆ ಹೈ ಕೋಡಿಂಗ್. ಮ್ಯಾಗ್ನೆಟಿಕ್ ಬಗೆ ಸಾಮಾನ್ಯವಾಗಿ ಲೋ. ಆರ್‌ಎಫ್‌ಐಡಿಯಲ್ಲಿ ಹೈ ಸಿಗುತ್ತದೆ, ಆದರೆ ಎಲ್ಲ ಆರ್‌ಎಫ್‌ಐಡಿಯೂ ಹೈ ಅಲ್ಲ. ಒಂದೇ ಮಾಡೆಲ್‌ನ ಯಾವ ಆಕ್ಚುವೇಟರನ್ನಾದರೂ ಒಪ್ಪುವ ಬಗೆಯೂ ಇದೆ. ಕೊಳ್ಳುವಾಗ "ಯೂನಿಕ್ ಕೋಡೆಡ್" ಅಂತ ಕೇಳಿ, ಡೇಟಾಶೀಟ್‌ನಲ್ಲಿ ಐಎಸ್‌ಒ 14119 ಕೋಡಿಂಗ್ ಲೆವೆಲ್ ಹೈ ಅಂತ ಬರೆದಿದೆಯಾ ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, ಪಾಳಿಗೆ ಹತ್ತಾರು ಸಲ ತೆಗೆಯುವ ಬಾಗಿಲಿಗೆ ಯೂನಿಕ್ ಕೋಡೆಡ್ ಆರ್‌ಎಫ್‌ಐಡಿಯನ್ನೇ ಹಾಕಿ. ಬೆಲೆ ಜಾಸ್ತಿ, ಒಪ್ಪುತ್ತೇನೆ. ವಾರಕ್ಕೊಮ್ಮೆ ಕ್ಲೀನಿಂಗ್‌ಗೆ ಮಾತ್ರ ತೆಗೆಯುವ ಕವರ್‌ಗೆ ಕೋಡೆಡ್ ಮ್ಯಾಗ್ನೆಟಿಕ್ ಸಾಕು, ಆದರೆ ಕೈಗೆ ಸುಲಭವಾಗಿ ಸಿಗದ ಹಾಗೆ, ಕಣ್ಣಿಗೆ ಬೀಳದ ಹಾಗೆ ಕೂರಿಸಬೇಕು. ಕೋಡ್ ಇಲ್ಲದ ಬರೀ ಮ್ಯಾಗ್ನೆಟಿಕ್ ಸ್ವಿಚ್ಚನ್ನು ಮನುಷ್ಯನ ಕೈ ಕಾಯುವ ಕೆಲಸಕ್ಕೆ ನಾನು ಇನ್ನು ಮುಟ್ಟುವುದಿಲ್ಲ. ಕಂಟ್ರೋಲ್‌ಗೆ ಬಳಸುವ ಮಾಮೂಲಿ ಪ್ರಾಕ್ಸಿಮಿಟಿ ಸೆನ್ಸರ್ ಅಂತೂ ಬೇಡವೇ ಬೇಡ. ಅದರ ಮುಂದೆ ಒಂದು ಕಬ್ಬಿಣದ ತುಂಡು ಇಟ್ಟರೆ ಮುಗಿಯಿತು. ಮೇಲಾಗಿ ಒಳಗೆ ಕೆಟ್ಟಾಗ ಅದು ಆನ್ ಆಗಿಯೇ ಉಳಿಯಬಹುದು. ಸೇಫ್ಟಿ ಸೆನ್ಸರ್ ಅಂದರೆ ಕೆಟ್ಟಾಗಲೂ ಮೆಷಿನ್ನನ್ನು ನಿಲ್ಲಿಸುವ ಕಡೆಗೇ ಬೀಳಬೇಕು, ಅದಕ್ಕೆ ಐಇಸಿ 60947-5-3 ಅಂತ ಬೇರೆ ಸ್ಟ್ಯಾಂಡರ್ಡ್ ಇದೆ. ಪೆಟ್ಟಿಗೆಯ ಮೇಲೆ ಅದಿದೆಯಾ ನೋಡಿ.

ಪಿಲ್ಜ್, ಶ್ಮೆರ್ಸಾಲ್, ಸಿಕ್, ಓಮ್ರಾನ್ ಹೀಗೆ ಹಲವರು ಇವನ್ನು ಮಾಡುತ್ತಾರೆ. ಯಾರದ್ದೇ ಆಗಲಿ, ಬಿಲ್ ಮತ್ತು ಸರ್ಟಿಫಿಕೇಟ್ ಕೊಡುವ ಡೀಲರ್ ಹತ್ತಿರವೇ ಕೊಳ್ಳಿ. ಬೆಂಗಳೂರು ನಮಗೆ 40 ಕಿಲೋಮೀಟರ್, ಎಸ್.ಪಿ. ರಸ್ತೆಯಲ್ಲಿ ಸಿಗದ ಎಲೆಕ್ಟ್ರಿಕಲ್ ಸಾಮಾನಿಲ್ಲ. ಮಿಕ್ಕದ್ದಕ್ಕೆ ಅಲ್ಲಿಗೇ ಹೋಗುತ್ತೇನೆ. ಆದರೆ ಪೆಟ್ಟಿಗೆ ಇಲ್ಲದೆ ಬಿಡಿಯಾಗಿ ಸಿಗುವ ಸೇಫ್ಟಿ ಸಾಮಾನನ್ನು ಮಾತ್ರ ತರುವುದಿಲ್ಲ.

ಕೂರಿಸುವುದು

ಮೇನ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ. ಗಾಳಿಯ ಲೈನ್ ಕೂಡ ಮುಚ್ಚಿ ಖಾಲಿ ಮಾಡಿ.

ಕೇಬಲ್ ಇರುವ ಸ್ವಿಚ್ ಚೌಕಟ್ಟಿನ ಮೇಲೆ, ಕೇಬಲ್ ಇಲ್ಲದ ಆಕ್ಚುವೇಟರ್ ಬಾಗಿಲಿನ ಮೇಲೆ. ತಿರುಗಿಸಿ ಹಾಕಿದರೆ ಬಾಗಿಲಿನ ಜೊತೆ ಕೇಬಲ್ ಬಾಗಿ ಬಾಗಿ ಕೊನೆಗೆ ತುಂಡಾಗುತ್ತದೆ. ಕೀಲಿನ ಪಕ್ಕ ಹಾಕಬೇಡಿ, ಬಾಗಿಲು ತೆರೆಯುವ ಅಂಚಿನಲ್ಲಿ ಹಾಕಿ. ಕೀಲಿನ ಹತ್ತಿರ ಬಾಗಿಲು ಅಲುಗುವುದೇ ಕಡಿಮೆ, ಆದ್ದರಿಂದ ಅಂಚಿನಲ್ಲಿ ಕೈ ತೂರುವಷ್ಟು ತೆರೆದಿದ್ದರೂ ಸ್ವಿಚ್‌ಗೆ ಗೊತ್ತಾಗುವುದಿಲ್ಲ.

ಡೇಟಾಶೀಟ್‌ನಲ್ಲಿ ಎರಡು ಅಳತೆ ಇರುತ್ತದೆ. ಎಸ್ಎಒ ಅಂದರೆ ಇಷ್ಟು ಹತ್ತಿರ ಬಂದರೆ ಖಂಡಿತ ಆನ್. ಎಸ್ಎಆರ್ ಅಂದರೆ ಇಷ್ಟು ದೂರ ಹೋದರೆ ಖಂಡಿತ ಆಫ್. ನಡುವಿನದ್ದು ಏನು ಬೇಕಾದರೂ ಆಗಬಹುದಾದ ಜಾಗ. ಉದಾಹರಣೆಗೆ ಎಸ್ಎಒ 10, ಎಸ್ಎಆರ್ 18 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಬಾಗಿಲು ಮುಚ್ಚಿದಾಗ ಎರಡರ ನಡುವಿನ ಸಂದು ಐದು ಮಿಲಿಮೀಟರ್ ಸುಮಾರಿಗೆ ಇರಲಿ. ಹತ್ತಕ್ಕೇ ತಾಗಿಸಿ ಇಟ್ಟರೆ ಮೆಷಿನ್ ಅದುರಿದಾಗಲೆಲ್ಲ ಟ್ರಿಪ್ ಆಗುತ್ತದೆ. ಸುಮ್ಸುಮ್ನೆ ಟ್ರಿಪ್ ಆಗುವ ಸ್ವಿಚ್ಚನ್ನು ಯಾರಾದರೂ ಬೈಪಾಸ್ ಮಾಡಿಯೇ ಮಾಡುತ್ತಾರೆ.

ಇನ್ನೊಂದು ಕಡೆಯಿಂದಲೂ ನೋಡಿ. ಆಫ್ ಆಗುವ ಹೊತ್ತಿಗೆ ಸ್ವಿಚ್ ಮುಂದಿನ ಸಂದು 18 ಆಗಿರಬಹುದು, ಮುಚ್ಚಿದಾಗಲೇ ಐದು ಇತ್ತು, ಅಂದರೆ ಬಾಗಿಲು 13 ಮಿಲಿಮೀಟರ್ ಸುಮಾರಿಗೆ ತೆರೆದಿರಬಹುದು. ಆ ಸಂದಿನಲ್ಲಿ ಬೆರಳು ಹೋಗುತ್ತದೆ ಅಲ್ವಾ? ಐಎಸ್‌ಒ 13857ರಲ್ಲಿ ಇದಕ್ಕೊಂದು ಕೋಷ್ಟಕ ಇದೆ. 12ರಿಂದ 20 ಮಿಲಿಮೀಟರ್ ಅಗಲದ ಸಂದಿಗೆ ಅಪಾಯದ ಜಾಗ ಕನಿಷ್ಠ 120 ಮಿಲಿಮೀಟರ್ ದೂರ ಇರಬೇಕು. ಸಂದು 20 ದಾಟಿತೋ, ಆ ದೂರ ಒಮ್ಮೆಲೇ 850ಕ್ಕೆ ಹಾರುತ್ತದೆ. ಟೇಪು ಹಿಡಿದು ಅಳೆದು ನೋಡಿ. ಸಾಲದಿದ್ದರೆ ಬಾಗಿಲು ಚೌಕಟ್ಟಿನ ಮೇಲೆ ಹಾಸಿಕೊಳ್ಳುವ ಹಾಗೆ ಒಂದು ಪಟ್ಟಿ ಹಾಕಿಸಿ.

ಕಬ್ಬಿಣದ ಚೌಕಟ್ಟಿನ ಮೇಲೆ ನೇರ ಕೂರಿಸಿದರೆ ಓದುವ ದೂರ ಕಡಿಮೆ ಆಗುತ್ತದೆ, ಡೇಟಾಶೀಟ್ ಹೇಳಿದಷ್ಟು ದಪ್ಪದ ಪ್ಲಾಸ್ಟಿಕ್ ಸ್ಪೇಸರ್ ಕೊಡಿ. ಎರಡು ಬಾಗಿಲು ಅಕ್ಕಪಕ್ಕ ಇದ್ದರೆ ಎರಡು ಸ್ವಿಚ್‌ಗಳ ನಡುವೆ ಎಷ್ಟು ದೂರ ಬೇಕು ಅಂತಲೂ ಅದರಲ್ಲೇ ಇರುತ್ತದೆ. ಮ್ಯಾಗ್ನೆಟಿಕ್ ಬಗೆಯಾದರೆ ಚಿಪ್ಸ್ ಹಾರುವ ಕಡೆ ಇಡಲೇಬೇಡಿ, ಒಂದು ವಾರಕ್ಕೇ ಕಬ್ಬಿಣದ ಗಡ್ಡ ಬೆಳೆಯುತ್ತದೆ. ಬಾಗಿಲು ಬಡಿದು ನಿಲ್ಲಲು ಬೇರೆ ರಬ್ಬರ್ ಸ್ಟಾಪರ್ ಇರಲಿ. ಸ್ವಿಚ್ಚೇ ಸ್ಟಾಪರ್ ಆದರೆ ಬಹಳ ದಿನ ಬಾಳುವುದಿಲ್ಲ.

ಸ್ಕ್ರೂ ವಿಷಯ. ಪೆಟ್ಟಿಗೆಯಲ್ಲಿ ಬರುವ ಮಾಮೂಲಿ ಸ್ಕ್ರೂ ಹಾಕಿ ಬಿಟ್ಟರೆ, ಆಕ್ಚುವೇಟರ್ ಬಿಚ್ಚಿ ಸ್ವಿಚ್ ಮುಂದೆ ಕಟ್ಟಿಹಾಕಲು ಒಂದು ಸ್ಕ್ರೂಡ್ರೈವರ್ ಸಾಕು. ಕೋಡ್ ಎಷ್ಟೇ ಹೈ ಇದ್ದರೂ ಆಗ ಪ್ರಯೋಜನ ಇಲ್ಲ. ಒಂದೇ ಕಡೆಗೆ ತಿರುಗುವ ಒನ್‌ವೇ ಸ್ಕ್ರೂ ಅಥವಾ ರಿವೆಟ್ ಹಾಕಿ. ಬಿಗಿ ಮಾಡುವಾಗ ಮೈಮೇಲೆ ಬೀಳಬೇಡಿ, ಡಬ್ಬಿ ಪ್ಲಾಸ್ಟಿಕ್, ಸ್ಕ್ರೂ ಕೂರುವ ಕಿವಿ ಬಿರುಕು ಬಿಡುತ್ತದೆ.

ವೈರಿಂಗ್

ಸ್ವಿಚ್‌ನಿಂದ ನೇರ ಕಾಂಟ್ಯಾಕ್ಟರ್ ಕಾಯಿಲ್‌ಗೆ ಹೋಗಬೇಡಿ. ರೀಡ್ ಎಳೆಗಳು ತೀರಾ ನಾಜೂಕು. ಕಾಯಿಲ್‌ನ ಕರೆಂಟ್‌ಗೆ ಅವು ಬೆಸೆದುಕೊಂಡುಬಿಡುತ್ತವೆ, ಆಮೇಲೆ ಬಾಗಿಲು ತೆಗೆದರೂ ಬಿಡುವುದಿಲ್ಲ. ಮಾಮೂಲಿ ಪಿಎಲ್‌ಸಿ ಇನ್‌ಪುಟ್‌ಗೆ ಕೊಟ್ಟು ಪ್ರೋಗ್ರಾಂನಲ್ಲಿ ನಿಲ್ಲಿಸುವುದೂ ಆಗದು. ನಡುವೆ ಸೇಫ್ಟಿ ರಿಲೇ ಅಥವಾ ಸೇಫ್ಟಿ ಪಿಎಲ್‌ಸಿ ಇರಲೇಬೇಕು.

ಸ್ವಿಚ್‌ನಿಂದ ಎರಡು ಚಾನೆಲ್, ಅಂದರೆ ಬಾಗಿಲಿನ ಸ್ಥಿತಿ ಹೇಳುವ ಎರಡು ಪ್ರತ್ಯೇಕ ಲೈನ್, ಬರುತ್ತವೆ. ಎರಡೂ ರಿಲೇಗೆ ಬೇರೆ ಬೇರೆಯಾಗಿ ಹೋಗಬೇಕು. ಒಂದು ಬಿಟ್ಟು ಇನ್ನೊಂದು ಅಂಟಿಕೊಂಡಿದ್ದರೆ ರಿಲೇ ಅದನ್ನು ಹಿಡಿದು, ರೀಸೆಟ್ ಒತ್ತಿದರೂ ಒಪ್ಪುವುದಿಲ್ಲ. "ಒಂದೇ ಸಾಕು ಬಿಡಿ" ಅಂತ ಎರಡೂ ಇನ್‌ಪುಟ್‌ಗೆ ಒಂದೇ ವೈರ್ ಲೂಪ್ ಹಾಕಿರುವುದನ್ನು ಹಳೇ ಪ್ಯಾನೆಲ್‌ಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮ್ಯಾಗ್ನೆಟಿಕ್ ಬಗೆಯಲ್ಲಿ ಎರಡೂ ನಾರ್ಮಲಿ ಓಪನ್ ಇರಬಹುದು, ಒಂದು ಓಪನ್ ಒಂದು ಕ್ಲೋಸ್ ಇರಬಹುದು. ರಿಲೇ ಅದಕ್ಕೆ ಹೊಂದುತ್ತದೆಯೇ ಅಂತ ಕೊಳ್ಳುವ ಮೊದಲೇ ನೋಡಿ.

ಆರ್‌ಎಫ್‌ಐಡಿ ಬಗೆಗೆ 24 ವೋಲ್ಟ್ ಡಿಸಿ ಸಪ್ಲೈ ಬೇಕು. ಔಟ್‌ಪುಟ್ ಎರಡು, ಓಎಸ್‌ಎಸ್‌ಡಿ ಅಂತ ಕರೆಯುತ್ತಾರೆ. ಅವು ಆಗಾಗ ತೀರಾ ಸಣ್ಣ ಪಲ್ಸ್ ಬಿಟ್ಟು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತಿರುತ್ತವೆ. ವೈರ್ ಎಲ್ಲಾದರೂ 24 ವೋಲ್ಟ್‌ಗೆ ತಾಗಿದ್ದರೆ, ಎರಡು ಔಟ್‌ಪುಟ್ ಒಂದಕ್ಕೊಂದು ಶಾರ್ಟ್ ಆಗಿದ್ದರೆ ಅದರಿಂದಲೇ ಗೊತ್ತಾಗುವುದು. ಅದೇ ಲೈನ್‌ಗೆ ಇಂಡಿಕೇಟರ್ ಲ್ಯಾಂಪು, ಇನ್ನೇನೋ ಸೇರಿಸಬೇಡಿ. ಬಾಗಿಲಿನ ಸ್ಥಿತಿ ತೋರಿಸಲು ಬಹಳಷ್ಟು ಮಾಡೆಲ್‌ಗಳಲ್ಲಿ ಬೇರೆಯೇ ಒಂದು ಔಟ್‌ಪುಟ್ ಇರುತ್ತದೆ.

ಒಂದು ಮೆಷಿನ್‌ಗೆ ಮೂರ್ನಾಲ್ಕು ಬಾಗಿಲು ಇದ್ದಾಗ ಎಲ್ಲ ಸ್ವಿಚ್‌ಗಳನ್ನೂ ಸೀರೀಸ್ ಮಾಡಿ ಒಂದೇ ರಿಲೇಗೆ ಕೊಡುವ ಅಭ್ಯಾಸ ಇದೆ. ರೀಡ್ ಕಾಂಟ್ಯಾಕ್ಟ್ ಬಗೆಯಲ್ಲಿ ಇದರೊಳಗೆ ಒಂದು ಗುಂಡಿ ಇದೆ, ನಿಧಾನವಾಗಿ ಓದಿ. ಒಂದನೇ ಬಾಗಿಲಿನ ಒಂದು ಚಾನೆಲ್ ಅಂಟಿಕೊಂಡಿದೆ ಅನ್ನಿ. ಆ ಬಾಗಿಲು ತೆಗೆದಾಗ ಇನ್ನೊಂದು ಚಾನೆಲ್‌ನಿಂದ ಮೆಷಿನ್ ನಿಲ್ಲುತ್ತದೆ. ರಿಲೇಗೆ ಅನುಮಾನ ಬಂದು ರೀಸೆಟ್ ಆಗುವುದಿಲ್ಲ. ಆಪರೇಟರ್ ಏನು ಮಾಡುತ್ತಾನೆ? ಎಲ್ಲ ಬಾಗಿಲನ್ನೂ ಒಂದು ಸಲ ತೆಗೆದು ಮುಚ್ಚಿ ನೋಡುತ್ತಾನೆ. ಎರಡನೇ ಬಾಗಿಲು ತೆಗೆದಾಗ ಎರಡೂ ಚಾನೆಲ್ ಸರಿಯಾಗಿ ಬಿಟ್ಟು ಸರಿಯಾಗಿ ಸೇರುತ್ತವೆ. ರಿಲೇ "ಎಲ್ಲ ಸರಿ ಇದೆ" ಅಂದುಕೊಂಡು ರೀಸೆಟ್ ಆಗುತ್ತದೆ. ದೋಷ ಅಲ್ಲೇ ಇದೆ, ಯಾರಿಗೂ ಕಾಣುವುದಿಲ್ಲ. ಮುಂದೊಂದು ದಿನ ಆ ಬಾಗಿಲಿನ ಇನ್ನೊಂದು ಚಾನೆಲ್ಲೂ ಕೆಟ್ಟಾಗ ಬಾಗಿಲು ತೆಗೆದರೂ ಮೆಷಿನ್ ನಿಲ್ಲುವುದಿಲ್ಲ. ಇದಕ್ಕೆ ಫಾಲ್ಟ್ ಮಾಸ್ಕಿಂಗ್ ಅನ್ನುತ್ತಾರೆ, ಐಎಸ್‌ಒ/ಟಿಆರ್ 24119 ಪೂರ್ತಿ ಇದರ ಬಗ್ಗೆಯೇ ಇದೆ. ಆದ್ದರಿಂದ ಒಂದೊಂದು ಬಾಗಿಲಿಗೆ ಒಂದೊಂದು ರಿಲೇ ಇನ್‌ಪುಟ್ ಕೊಡಿ. ಇಲ್ಲವೇ ಸೀರೀಸ್‌ಗೆಂದೇ ಮಾಡಿದ ಓಎಸ್‌ಎಸ್‌ಡಿ ಸ್ವಿಚ್ ಹಾಕಿ. ಅದರಲ್ಲಿ ಪ್ರತಿಯೊಂದು ಸ್ವಿಚ್ಚೂ ತನ್ನ ದೋಷವನ್ನು ತಾನೇ ಹಿಡಿಯುತ್ತದೆ.

ರಿಲೇಯಿಂದ ಮುಂದೆ ಎರಡು ಕಾಂಟ್ಯಾಕ್ಟರ್, ಸೀರೀಸ್‌ನಲ್ಲಿ. ಒಂದು ಬೆಸೆದುಕೊಂಡರೆ ಇನ್ನೊಂದು ಬಿಡಿಸುತ್ತದೆ. ಎರಡರ ನಾರ್ಮಲಿ ಕ್ಲೋಸ್ ಆಕ್ಸಿಲರಿ (ಸಹಾಯಕ) ಕಾಂಟ್ಯಾಕ್ಟನ್ನೂ ರೀಸೆಟ್ ಲೈನ್‌ಗೆ ಸೇರಿಸಿ. ಮಿರರ್ ಕಾಂಟ್ಯಾಕ್ಟ್ ಇರುವ ಕಾಂಟ್ಯಾಕ್ಟರ್ ಆಗಿದ್ದರೆ ಮೇನ್ ಕಾಂಟ್ಯಾಕ್ಟ್ ಬೆಸೆದಾಗ ಆ ಆಕ್ಸಿಲರಿ ಸೇರುವುದಿಲ್ಲ, ಮೆಷಿನ್ ಮುಂದಿನ ಸಲ ಶುರು ಆಗುವುದಿಲ್ಲ. ಮೋಟರ್‌ನ ವೇಗ ನಿಯಂತ್ರಿಸುವ ವಿಎಫ್‌ಡಿ ಡ್ರೈವ್‌ನಲ್ಲಿ ಎಸ್‌ಟಿಒ, ಅಂದರೆ ಮೋಟರ್ ತಿರುಗಿಸುವ ಶಕ್ತಿಯನ್ನು ಕಡಿಯುವ ಸೇಫ್ಟಿ ವ್ಯವಸ್ಥೆ, ಇದ್ದರೆ ಅದನ್ನೇ ಬಳಸಬಹುದು. ಆದರೆ ಎಸ್‌ಟಿಒ ಬಿದ್ದ ಕೂಡಲೇ ಡ್ರೈವ್ ಬ್ರೇಕ್ ಹಾಕುವುದಿಲ್ಲ, ಮೋಟರ್ ತನ್ನಷ್ಟಕ್ಕೆ ತಿರುಗುತ್ತಾ ನಿಲ್ಲುತ್ತದೆ. ಮೊದಲು ಡ್ರೈವ್‌ಗೆ ಸ್ಟಾಪ್ ಕೊಟ್ಟು, ಟೈಮರ್ ಇರುವ ಸೇಫ್ಟಿ ಔಟ್‌ಪುಟ್‌ನಿಂದ ಆಮೇಲೆ ಎಸ್‌ಟಿಒ ಕೊಟ್ಟರೆ ಬೇಗ ನಿಲ್ಲುತ್ತದೆ. ಗಾಳಿ ಸಿಲಿಂಡರ್ ಇದ್ದರೆ ಅದನ್ನೂ ಯೋಚಿಸಿ. ಗಾಳಿ ಒಮ್ಮೆಲೇ ಬಿಟ್ಟರೆ ಹಿಡಿದ ಜಾಬ್ ಕೈಮೇಲೆ ಬೀಳುತ್ತದಾ, ಮೇಲಿರುವ ಸ್ಲೈಡ್ ಕೆಳಗೆ ಜಾರುತ್ತದಾ ನೋಡಿಕೊಳ್ಳಿ.

ರೀಸೆಟ್ ಬಟನ್ ಬಾಗಿಲ ಹೊರಗೆ, ಒಳಗಿನ ಜಾಗ ಪೂರ್ತಿ ಕಾಣುವ ಕಡೆ ಇರಬೇಕು. ಒಳಗಿದ್ದುಕೊಂಡು ಕೈಗೆ ಸಿಗಬಾರದು. ರೀಸೆಟ್ ಒತ್ತಿದರೆ ಮೆಷಿನ್ ಓಡಬಾರದು, ಓಡಲು ಬೇರೆ ಸ್ಟಾರ್ಟ್ ಒತ್ತಬೇಕು.

ಟೆಸ್ಟ್

ಮೆಷಿನ್ ಖಾಲಿ ಓಡಿಸಿ, ಬಾಗಿಲು ತೆಗೆಯಿರಿ. ನಿಲ್ಲಬೇಕು. ತೆರೆದಿಟ್ಟೇ ಸ್ಟಾರ್ಟ್ ಒತ್ತಿ. ಶುರು ಆಗಬಾರದು. ಬಾಗಿಲು ಮುಚ್ಚಿ. ತಾನಾಗಿ ಶುರು ಆಗಬಾರದು. ರೀಸೆಟ್ ಬಟನ್ನನ್ನು ಒತ್ತಿ ಹಿಡಿದುಕೊಂಡೇ ಬಾಗಿಲು ಮುಚ್ಚಿ. ಆಗಲೂ ಸುಮ್ಮನಿರಬೇಕು, ಯಾಕೆಂದರೆ ರೀಸೆಟ್ ಬಟನ್‌ಗೆ ಬೆಂಕಿಕಡ್ಡಿ ಸಿಕ್ಕಿಸಿ ಇಡುವವರೂ ಇದ್ದಾರೆ. ಆಮೇಲೆ ಪವರ್ ಆಫ್ ಮಾಡಿ ಒಂದು ಚಾನೆಲ್‌ನ ವೈರ್ ಬಿಚ್ಚಿ ಆನ್ ಮಾಡಿ, ರಿಲೇ ಒಪ್ಪಬಾರದು. ಇನ್ನೊಂದು ಚಾನೆಲ್‌ಗೂ ಹಾಗೇ. ಬಾಗಿಲು ಒಂದಕ್ಕಿಂತ ಜಾಸ್ತಿ ಇದ್ದರೆ ಪ್ರತಿ ಬಾಗಿಲಿಗೂ ಇಷ್ಟೂ ಮಾಡಿ.

ಕೊನೆಗೆ ಒಂದು ಗಟ್ಟಿ ಅಯಸ್ಕಾಂತ ತಂದು, ಬಾಗಿಲು ತೆರೆದಿಟ್ಟು, ಸ್ವಿಚ್ ಮುಂದೆ ಹಿಡಿಯಿರಿ. ಆ ಟೇಪು ಸುತ್ತಿದ ಸ್ಪೀಕರ್ ಅಯಸ್ಕಾಂತವನ್ನು ನಾನು ಎಸೆದಿಲ್ಲ. ನನ್ನ ಟೂಲ್ ಬಾಕ್ಸ್‌ನಲ್ಲೇ ಇದೆ, ಪ್ರತಿ ಹೊಸ ಸ್ವಿಚ್‌ಗೂ ಅದನ್ನೇ ಹಿಡಿದು ನೋಡುತ್ತೇನೆ.

ನಿಲ್ಲುವ ಸಮಯವನ್ನು ಮತ್ತೆ ಅಳೆದು ತಾರೀಖು ಹಾಕಿ ಬರೆದಿಡಿ. ಬ್ರೇಕ್ ಸವೆದರೆ ಮುಂದಿನ ವರ್ಷ ಈ ಅಂಕಿಯೇ ಹೇಳುತ್ತದೆ. ಅಪರೂಪಕ್ಕೆ ತೆಗೆಯುವ ಬಾಗಿಲನ್ನು ಮರೆಯಬೇಡಿ. ತೆಗೆಯದಿದ್ದರೆ ದೋಷ ಗೊತ್ತಾಗುವುದೇ ಇಲ್ಲ. ಐಎಸ್‌ಒ 14119 ಪ್ರಕಾರ ಪರ್ಫಾರ್ಮೆನ್ಸ್ ಲೆವೆಲ್ (ಸೇಫ್ಟಿ ಸರ್ಕ್ಯೂಟನ್ನು ಎಷ್ಟು ನಂಬಬಹುದು ಅನ್ನುವ ಅಳತೆ) ಇ ಬೇಕಾದ ಕಡೆ ಕನಿಷ್ಠ ತಿಂಗಳಿಗೊಮ್ಮೆ, ಒಂದು ದೋಷ ಬಂದರೂ ಕೆಲಸ ಬಿಡದ ಕ್ಯಾಟಗರಿ 3ರ ಲೆವೆಲ್ ಡಿ ಆದರೆ ಕನಿಷ್ಠ ವರ್ಷಕ್ಕೊಮ್ಮೆ ತೆಗೆದು ಟೆಸ್ಟ್ ಮಾಡಬೇಕು. ನಾವು ಎಲ್ಲ ಬಾಗಿಲಿಗೂ ಸೋಮವಾರ ಬೆಳಗಿನ ಪಾಳಿ ಶುರುವಿನಲ್ಲಿ ಮಾಡುತ್ತೇವೆ. ಒಂದು ಬಾಗಿಲಿಗೆ ಎರಡು ನಿಮಿಷ ಸಾಕು.

ಡೋರ್ ಸ್ವಿಚ್ ಇದೆ ಅಂತ ಬಾಗಿಲು ತೆರೆದಿಟ್ಟು ಒಳಗೆ ರಿಪೇರಿ ಮಾಡಲು ಕೂರಬೇಡಿ. ಸ್ವಿಚ್ ಇರುವುದು ಉತ್ಪಾದನೆ ನಡೆಯುವಾಗ ಕೈ ಕಾಯಲು. ಬೆಲ್ಟ್ ಬದಲಿಸುವುದು, ಮೋಟರ್ ಬಿಚ್ಚುವುದು ಇಂಥದ್ದಕ್ಕೆ ಮೇನ್‌ಗೆ ಬೀಗವೇ ಆಗಬೇಕು.

ಹೇಳಿಕೊಡುವುದು, ಸ್ಪೇರ್ ಇಡುವುದು

ತಿರುಗುವ ಭಾಗಗಳಿಗೆ ಗಾರ್ಡ್ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಕಾಲದಿಂದಲೂ ಇದೆ. ಇನ್‌ಸ್ಪೆಕ್ಷನ್‌ಗೆ ತಮಿಳುನಾಡಿನ ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಯವರು ಬರುತ್ತಾರೆ, ನಾವೆಲ್ಲ ಡಿಶ್ ಅನ್ನುತ್ತೇವೆ. ಅವರಿಗೆ ತೋರಿಸಲು ತಮಿಳು, ಇಂಗ್ಲಿಷ್ ಬೋರ್ಡ್ ಗೋಡೆಯ ಮೇಲಿರುತ್ತದೆ. ಆದರೆ ನಮ್ಮ ಶೆಡ್‌ನಲ್ಲಿ ತಳಿ, ಡೆಂಕಣಿಕೋಟೆ ಕಡೆಯ ಹುಡುಗರು ಮಾತಾಡುವುದು ಕನ್ನಡ, ಬಾಗಲೂರು ಕಡೆಯಿಂದ ಬರುವ ಕೆಲವರದ್ದು ತೆಲುಗು, ರಾತ್ರಿ ಪಾಳಿಯಲ್ಲಿ ಅರ್ಧಕ್ಕರ್ಧ ಒಡಿಶಾ, ಬಿಹಾರದವರು. ಆದ್ದರಿಂದ ಬಾಗಿಲಿನ ಮೇಲೇ ಚಿಕ್ಕ ಸ್ಟಿಕ್ಕರ್ ಮಾಡಿಸಿದೆವು. ತಮಿಳು, ಕನ್ನಡ, ತೆಲುಗು, ಹಿಂದಿ ನಾಲ್ಕರಲ್ಲೂ ಒಂದೇ ಸಾಲು: "ಸ್ವಿಚ್ ತೊಂದರೆ ಕೊಟ್ಟರೆ ಮೆಷಿನ್ ನಿಲ್ಲಿಸಿ, ಮೆಂಟೆನೆನ್ಸ್‌ಗೆ ಹೇಳಿ, ಯಾರೂ ಬೈಯುವುದಿಲ್ಲ." ಕೊನೆಯ ಮಾತನ್ನು ಸೇರಿಸಬೇಕು ಅಂತ ಹಟ ಹಿಡಿದದ್ದು ನಾನು. ಮೊದಲ ತಿಂಗಳು ಬಂದು ಹೇಳಿದವರು ಇಬ್ಬರು. ಆಮೇಲೆ ಎಲ್ಲರೂ ಹೇಳತೊಡಗಿದರು.

ಸ್ಪೇರ್ ಇಟ್ಟಿರಿ. ಶನಿವಾರ ರಾತ್ರಿ ಟ್ರಾಲಿ ತಾಗಿ ಆಕ್ಚುವೇಟರ್ ಒಡೆಯಿತು, ಸ್ಪೇರ್ ಇಲ್ಲ, ಸೋಮವಾರ ಬೆಳಿಗ್ಗೆ ಲೋಡ್ ಹೋಗಬೇಕು ಅಂದಾಗಲೇ ಯಾರೋ ಒಬ್ಬರು ಪ್ಯಾನೆಲ್ ತೆಗೆದು ಟರ್ಮಿನಲ್‌ಗೆ ಲೂಪ್ ಹಾಕುವುದು. ಕೋಡೆಡ್ ಮ್ಯಾಗ್ನೆಟಿಕ್‌ನ ಸ್ಪೇರ್ ಆಕ್ಚುವೇಟರ್ ಅಂದರೆ ಬೈಪಾಸ್ ಮಾಡುವ ಕೀಲಿಕೈ ಇದ್ದ ಹಾಗೆ, ಸ್ಟೋರ್‌ನಲ್ಲಿ ಬೀಗ ಹಾಕಿ ಇಡಿ, ಕೊಟ್ಟದ್ದಕ್ಕೆ ಸಹಿ ತೆಗೆದುಕೊಳ್ಳಿ. ಯೂನಿಕ್ ಕೋಡೆಡ್ ಆರ್‌ಎಫ್‌ಐಡಿಯಾದರೆ ಹೊಸ ಆಕ್ಚುವೇಟರನ್ನು ಸ್ವಿಚ್‌ಗೆ ಕಲಿಸಬೇಕು. ಎಷ್ಟು ಸಲ ಕಲಿಸಬಹುದು ಅನ್ನುವುದಕ್ಕೆ ಕೆಲವು ಮಾಡೆಲ್‌ಗಳಲ್ಲಿ ಮಿತಿ ಇದೆ. ಕೆಲವು ಹೊಸದನ್ನು ಕಲಿತ ಮೇಲೆ ಹಳೆಯದನ್ನು ಮತ್ತೆ ಒಪ್ಪುವುದೇ ಇಲ್ಲ. ಕಲಿಸುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿ, ರಾತ್ರಿ ಪಾಳಿಯ ಎಲೆಕ್ಟ್ರಿಷಿಯನ್ ಕೈಯಲ್ಲಿ ಒಂದು ಸಲ ಮಾಡಿಸಿ ನೋಡಿ.